ಬ್ರೆಡ್ಡಿನ ಹಿಂದಿನ ಕೈಗಳು

ಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಮಾತ್ರ ಭಟ್ಟಿ ನಿಗಿನಿಗಿ ಉರಿಯುತ್ತಿದೆ. ಉದ್ದನೆಯ ಮರದ ಮೇಜಿನ ಮೇಲೆ ಉಬ್ಬಿದ ಹಿಟ್ಟು, ಅದರ ಮುಂದೆ ಬನಿಯನ್ ತೊಟ್ಟ ನಲವತ್ತಾರರ ಗಂಡಸು. ಒಂದು ಕೈ ಹಿಟ್ಟು ಕಿತ್ತು ಕೊಡುತ್ತದೆ, ಇನ್ನೊಂದು ಅದನ್ನು ಉಂಡೆ ಮಾಡಿ ತಟ್ಟೆಗೆ ಹಾಕುತ್ತದೆ. ತೂಕದ ತಕ್ಕಡಿ ಪಕ್ಕದಲ್ಲೇ ಇದೆ. ಅದರ ಮೇಲೆ ಅವರ ಚಹಾ ಲೋಟ ಕೂತಿದೆ.

ನಮ್ಮ ಛಾಯಾಗ್ರಾಹಕ ಕ್ಯಾಮೆರಾ ಎತ್ತಿದವನು ತಡೆದು, "ಸಾರ್, ಒಂದ್ನಿಮಿಷ ಕೈ ತೊಳ್ಕೊಂಡ್ಬಿಡಿ. ಹಿಟ್ಟು ಜಾಸ್ತಿ ಕಾಣ್ತಿದೆ" ಅನ್ನುತ್ತಾನೆ. ಅವರು ನಲ್ಲಿಯಡಿ ಕೈ ತೊಳೆದು, ಒರೆಸಿಕೊಂಡು, ಮುಂದೆ ಚಾಚುತ್ತಾರೆ. ಬೆರಳ ತುದಿಯಿಂದ ಮಣಿಕಟ್ಟು ದಾಟುವವರೆಗೆ ಬಿಳುಪು ಹಾಗೇ ಇದೆ. ಪಾಪ, ಹುಡುಗನ ಮುಖ ಸಣ್ಣದಾಗುತ್ತದೆ.

"ಬೇಜಾರ್ ಮಾಡ್ಕೋಬೇಡಪ್ಪ, ಇದು ತೊಳೆದ್ರೆ ಹೋಗೋ ಹಿಟ್ಟಲ್ಲ. ತೊನ್ನು. ಹಾಗೇ ತೆಗಿ. ಆಮೇಲೆ ಕಂಪ್ಯೂಟರ್ ಮುಂದೆ ಕೂತ್ಕೊಂಡು ಅಳಿಸ್ಬೇಡ, ಅಷ್ಟೇ."

ಇವರು ಎಲ್ಲರಿಗೂ 'ತಮ್ಮ'. ಅಣ್ಣನಿಗೆ ತಮ್ಮ, ಸರಿ. ಅತ್ತಿಗೆಗೂ ತಮ್ಮ, ಹಾಲು ಹಾಕುವವನಿಗೂ ತಮ್ಮ. ಕೂದಲು ನರೆತರೂ ಬಡ್ತಿ ಸಿಕ್ಕಿಲ್ಲ. ದಿನಕ್ಕೆ ನಾನೂರು ಬನ್ನು, ನೂರಿಪ್ಪತ್ತು ಬ್ರೆಡ್ಡು ಈ ಕೈಗಳಿಂದ ಹೊರಬೀಳುತ್ತವೆ. ಆದರೆ ತಿನ್ನುವವರಲ್ಲಿ ಈ ಕೈಗಳನ್ನು ಕಂಡವರು ಕಡಿಮೆ.

ಹನ್ನೊಂದು ವರ್ಷದ ಹಿಂದೆ ಇವರು ಮುಂದಿನ ಕೌಂಟರಿನಲ್ಲೇ ನಿಲ್ಲುತ್ತಿದ್ದರು. ತೋರುಬೆರಳ ಉಗುರಿನ ಪಕ್ಕ ಮೊದಲ ಚುಕ್ಕೆ ಬಂತು. ಮೆಲ್ಲಗೆ ಎರಡೂ ಕೈಗಳಿಗೆ, ತುಟಿಯಂಚಿಗೆ ಹಬ್ಬಿತು. ಖಾಯಂ ಗಿರಾಕಿಯೊಬ್ಬರು ಮುಖಕ್ಕೆ ಹೊಡೆದಂತೆ, "ನೀನು ಕೊಡ್ಬೇಡ, ನಿಮ್ಮಣ್ಣನ್ನ ಕರಿ" ಅಂದರು. ಮರುದಿನ ಅಣ್ಣ, "ಇನ್ಮೇಲೆ ಭಟ್ಟಿ ನೀನೇ ನೋಡ್ಕೊ" ಅಂದರು. ತಮ್ಮ ಒಳಗೆ ಹೋದರು.

"ಮಜಾ ಏನ್ ಗೊತ್ತಾ? ನಾನು ಪೇಪರ್‌ನಲ್ಲಿ ಸುತ್ತಿ ಕೊಟ್ರೆ ಬೇಡ ಅಂದವ್ರು, ನಾನೇ ನಾದಿದ್ದನ್ನ ಇಷ್ಟು ವರ್ಷದಿಂದ ಬಾಯಿ ಚಪ್ಪರಿಸ್ಕೊಂಡು ತಿಂತಿದ್ದಾರೆ. ಗುಂಡುಕಲ್ಲಿನ ಹಾಗಿದ್ದಾರೆ!"

ಚರ್ಮವೈದ್ಯರು ಹೇಳುವುದೂ ಅದನ್ನೇ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಲ್ಲಿ ಇಲ್ಲವಾಗುತ್ತವೆ, ಅಷ್ಟೇ. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಅಂಟುವುದಿಲ್ಲ. ಬೇಗ ತೋರಿಸಿದರೆ ಎಷ್ಟೋ ಜನರಿಗೆ ಬಣ್ಣ ಮರಳುವುದೂ ಉಂಟು. ಇದು ಕುಷ್ಠವಲ್ಲ, ಕುಷ್ಠವಾದರೂ ಈಗ ಗುಣವಾಗುವ ಕಾಯಿಲೆಯೇ.

ಸುಮ್ಮನಿದ್ದ ತಮ್ಮನನ್ನು ಎಬ್ಬಿಸಿದ್ದು ಆರು ವರ್ಷದ ಒಂದು ಹುಡುಗಿ. ಶಾಲೆಗೆ ಹೋಗುವಾಗ ದಿನಾ ತಾಯಿಯ ಜೊತೆ ಬನ್ನಿಗೆ ಬರುತ್ತಾಳೆ. ಅವಳ ಮೊಣಕೈ ಮೇಲಿನ ಬಿಳಿ ಮಚ್ಚೆ ಭಟ್ಟಿ ಕೋಣೆಯ ಕಿಂಡಿಯಿಂದ ಇವರಿಗೆ ಕಂಡಿತ್ತು. ಆಮೇಲೆ ಸುಡುವ ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಂತು. ಒಂದು ಬೆಳಿಗ್ಗೆ ತಾಯಿ ದನಿ ತಗ್ಗಿಸಿ ಅಣ್ಣನಿಗೆ ಹೇಳಿದ್ದು ಒಳಗೂ ಕೇಳಿಸಿತು: ತರಗತಿಯಲ್ಲಿ ಮಗುವನ್ನು ಬೇರೆ ಕೂರಿಸಿದ್ದಾರೆ.

"ನಾನು ದೊಡ್ಡೋನು, ಒಳಗೆ ಬಂದ್ಬಿಟ್ಟೆ. ನನಗೆ ಭಟ್ಟಿ ಇತ್ತು. ಆ ಮಗು ಎಲ್ಲಿಗೆ ಹೋಗ್ಬೇಕು ಹೇಳಿ?" ಇದನ್ನು ಹೇಳುವಾಗ ಮಾತ್ರ ಅವರ ಕೈ ಕೆಲಸ ನಿಲ್ಲಿಸುತ್ತದೆ.

ಅಂದೇ ಮಧ್ಯಾಹ್ನ ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಮ್ಮ ಪತ್ರಿಕೆಗೆ ಬಂದರು. ತೊನ್ನು ಅಂಟುರೋಗವಲ್ಲ ಎಂದು ಬರೆಯಿರಿ, ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಪೇಪರ್ ಹೇಳಿದರೆ ನಂಬುತ್ತಾರೆ ಎಂದರು. ಸುದ್ದಿಮನೆ ಬ್ರೆಡ್ಡು ತಿಂದಿತು, "ಶಿಬಿರ ಗಿಬಿರ ಇದ್ರೆ ಹೇಳಿ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಿತು. ಇವರು ಬಿಡಲಿಲ್ಲ, ಮತ್ತೆ ಬಂದರು. ಕೊನೆಗೆ ಸಂಪಾದಕರು, "ಬರೀ ಕಾಯಿಲೆ ಬಗ್ಗೆ ಬರೆದ್ರೆ ಯಾರೂ ಓದಲ್ಲ, ಮನುಷ್ಯರ ಕಥೆ ಬೇಕು" ಅಂದರು. "ನಾನೇನು ಮನುಷ್ಯ ಅಲ್ವಾ? ನನ್ನೇ ಹಾಕಿ" ಅಂದರು ತಮ್ಮ.

ಮನೆಯಲ್ಲಿ ರಂಪವಾಯಿತು. ಅಣ್ಣನ ಭಯವೂ ಸುಳ್ಳಲ್ಲ. ಈ ಒಂದು ಭಟ್ಟಿಯ ಮೇಲೆ ಎರಡು ಸಂಸಾರ ನಿಂತಿವೆ. ಚಿತ್ರ ನೋಡಿದ ಜನ ಬ್ರೆಡ್ಡು ಬಿಟ್ಟರೆ? "ಬರ್ಸೋದಾದ್ರೆ ಬರ್ಸು. ಮುಖ, ಕೈ ಯಾವ್ದೂ ಬೇಡ" ಅಂದರು ಅಣ್ಣ. "ಮುಖ ಕೈ ಬಿಟ್ರೆ ಇನ್ನೇನ್ ಉಳೀತಣ್ಣಾ?" ಅಂದರು ತಮ್ಮ. ಅಲ್ಲಿಂದ ಒಂದು ವಾರ ಇಬ್ಬರಿಗೂ ಮಾತಿಲ್ಲ. ಅತ್ತಿಗೆಯೇ ನಡುವೆ ಟಪಾಲು: "ಮೈದಾ ಮುಗೀತಂತೆ", "ತರ್ತಾರಂತೆ".

ನಾವು ಹೋಗಿರುವುದು ಈ ಮೌನದ ನಡುವೆ. ಬೆಳಕಾಗುತ್ತಿದ್ದಂತೆ ಅಣ್ಣ ಒಳಬಾಗಿಲಿಗೆ ಬಂದು ನಿಲ್ಲುತ್ತಾರೆ. ನೀವು ಬೇಡವೆಂದರೆ ಚಿತ್ರ ಹಾಕುವುದಿಲ್ಲ ಎಂದು ನಾನು ಹೇಳುತ್ತೇನೆ. ಅವರು ನನ್ನ ಕಡೆ ನೋಡುವುದೂ ಇಲ್ಲ. ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿಯಿದೆ, ಅರ್ಧ ತೋಳಿನದು.

"ಬನಿಯನ್ನಲ್ಲಿ ಪೇಪರ್‌ಗೆ ಬರ್ತೀಯೇನೋ? ಹಾಕ್ಕೊ ಇದನ್ನ. ಈ ಹೊಗೇಲಿ ಫೋಟೊ ಏನ್ ಚೆನ್ನಾಗ್ ಬರುತ್ತೆ, ಕೌಂಟರ್‌ಗೆ ಬಾ." ಆಮೇಲೆ, ಗುಂಡಿ ಹಾಕಿಕೊಳ್ಳುತ್ತ ತಮ್ಮ ಅತ್ತ ತಿರುಗಿದಾಗ, ನನಗೆ ಮಾತ್ರ ಕೇಳುವಂತೆ ಅನ್ನುತ್ತಾರೆ: "ಅವತ್ತು ಆ ಗಿರಾಕಿಗೆ ತಿರುಗಿ ಒಂದು ಮಾತು ಹೇಳ್ಬೇಕಿತ್ತು ನಾನು. ಹೇಳ್ಲಿಲ್ಲ."

ಹನ್ನೊಂದು ವರ್ಷದ ನಂತರ ಕೌಂಟರಿನ ಹಿಂದೆ ತಮ್ಮ ನಿಲ್ಲುತ್ತಾರೆ. ಕೈ ಎಲ್ಲಿಡಬೇಕೆಂದು ತಿಳಿಯದೆ ತಡವರಿಸಿ, ಎರಡನ್ನೂ ಗಾಜಿನ ಮೇಲೆ ಇಡುತ್ತಾರೆ. ಈ ಪುಟ ಓದಿದವರು ನಾಳೆ ಬನ್ನಿಗೆ ಬರುತ್ತಾರೋ ಇಲ್ಲವೋ ಅಣ್ಣತಮ್ಮಂದಿರಿಗೆ ಗೊತ್ತಿಲ್ಲ. ಹಿಟ್ಟನ್ನಂತೂ ಎಂದಿನಷ್ಟೇ ಕಲಸುತ್ತಾರಂತೆ.

ಇನ್ನೇನು ಬರೆಯಲಿ ಎಂದು ಕೊನೆಗೆ ಕೇಳುತ್ತೇನೆ.

"ನೀವೇನ್ ಬೇಕಾದ್ರೂ ಬರ್ಕೊಳ್ಳಿ. ಫೋಟೊ ಮಾತ್ರ ಸ್ವಲ್ಪ ದೊಡ್ಡದಾಗಿ ಹಾಕಿ. ಆ ಮಗುಗೆ ಇನ್ನೂ ಓದಕ್ಕೆ ಬರಲ್ಲ."