ತಾಸಿಗೊಂದು ಹೆಬ್ಬೆರಳು

ನನಗೊಂದು ಕೆಟ್ಟ ಚಟವಿದೆ. ಕಣ್ಣಿಗೆ ಕಾಣದ ಮನುಷ್ಯ ಎಲ್ಲೋ ಮಲಗಿದ್ದಾನೆ ಎಂದೇ ನಂಬುತ್ತೇನೆ. ಅಡುಗೆಮನೆಯಲ್ಲಿ ಐದು ನಿಮಿಷ ಸದ್ದಿಲ್ಲದಿದ್ದರೆ ಎದ್ದು ಹೋಗಿ ಇಣುಕುತ್ತೇನೆ. "ಜೀವಂತ ಅದೀನಿ, ಹೋಗಿ ಕುಂದ್ರಿ" ಎನ್ನುತ್ತಾಳೆ ಹೆಂಡತಿ.

ತಪ್ಪು ಪೂರ್ತಿ ನನ್ನದಲ್ಲ. ಇಪ್ಪತ್ತೆರಡು ವರ್ಷ ಸಂಡೂರಿನ ಗಣಿಯೊಂದರ ಕಚೇರಿಯಲ್ಲಿ ಹಾಜರಿ ಬರೆದವನು ನಾನು. ಸೈರನ್ ಕೂಗಿದಾಗ ಗೇಟಿನಲ್ಲಿ ಕಂಡವನು ಕೆಲಸಗಾರ, ಕಾಣದವನು ಗೈರು. ಲೋಕ ಅಷ್ಟು ಸರಳವಾಗಿತ್ತು. ಆ ಗಣಿ ನಿಂತ ಮೇಲೆ, ಹಂಪಿಗೆ ಹತ್ತಿರದ ಚಿತ್ತವಾಡ್ಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹೊಸ ಕೆಲಸ ಹಚ್ಚಿಕೊಂಡೆ. ಬೆಂಗಳೂರಿನ ಸಂಸ್ಥೆಯೊಂದು ಶಾಲೆಯ ಪಾಠಗಳ ಧ್ವನಿಮುದ್ರಣ ಕಳಿಸುತ್ತದೆ. ಅದನ್ನು ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕೊಡಬೇಕು. ಅದಕ್ಕೆ ಆರು ಜನರ ತಂಡ ಕಟ್ಟಿದೆ: ಕಂಪ್ಲಿಯಲ್ಲಿ ಇಬ್ಬರು, ಹಂಪಿಯ ಕಡೆ ಮೂವರು, ಚೋರನೂರಿನಲ್ಲಿ ರೇಣುಕಾ. ಎಲ್ಲರೂ ಅವರವರ ಮನೆಯಲ್ಲೇ ಕೂತು ದುಡಿಯುವವರು. ತಂಡ ಕಟ್ಟುವುದೇನೂ ಕಷ್ಟವಾಗಲಿಲ್ಲ. ಕಟ್ಟಿದ ಮೇಲೆ ನನಗೆ ನಿದ್ದೆ ಬರಲಿಲ್ಲ, ಅಷ್ಟೆ.

ಹಂಪಿಯ ಅರಸರ ನೆನಪಾಗುತ್ತಿತ್ತು. ಇಲ್ಲಿ ಕೂತು ಸಮುದ್ರದ ದಂಡೆಯವರೆಗೂ ಆಳಿದರಲ್ಲ, ಅಷ್ಟು ದೂರದ ನಾಯಕ ಎದ್ದಿದ್ದಾನೋ ಗೊರಕೆ ಹೊಡೆಯುತ್ತಿದ್ದಾನೋ ಅವರಿಗೆ ಹೇಗೆ ತಿಳಿಯುತ್ತಿತ್ತು? ಮಹಾನವಮಿಗೆ ಕರೆಸಿ ಮುಖ ನೋಡುತ್ತಿದ್ದರಂತೆ. ವರ್ಷಕ್ಕೊಮ್ಮೆ! ಎಂಥ ಗುಂಡಿಗೆ. ನನಗೆ ತಾಸಿಗೊಮ್ಮೆ ಬೇಕಾಗಿತ್ತು. ಹಾಗಾಗಿ ಒಂದು ನಿಯಮ ಮಾಡಿದೆ: ಪ್ರತಿ ತಾಸಿಗೂ ಎಲ್ಲರೂ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರ ಹಾಕಬೇಕು. ಭಾನುವಾರವೂ ಸೇರಿ.

ಕಂಪ್ಲಿಯ ಚಂದ್ರುವಿನ ಹೆಬ್ಬೆರಳು ಗಡಿಯಾರಕ್ಕಿಂತ ಮೊದಲೇ ಬೀಳುತ್ತಿತ್ತು. ಎಂಥ ಶಿಸ್ತು ಎಂದು ಕೊಂಡಾಡಿದೆ. ಆಮೇಲೆ ತಿಳಿಯಿತು, ಗದ್ದೆಯ ಬದುವಿನ ಮೇಲೆ ನಿಂತು ಹಾಕುತ್ತಿದ್ದನಂತೆ. ರೇಣುಕಾಳದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಉಳಿದ ಐವರ ತಪ್ಪು ತಿದ್ದುವವಳು ಅವಳೇ. ಅವಳು ಬಿಟ್ಟು ಹೋದರೆ ಕೆಲಸವೂ ಕೈಬಿಟ್ಟು ಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಂಥವಳು ಸೋಮವಾರ ಬಂತೆಂದರೆ ಮಂಗಮಾಯ! ಹೆಬ್ಬೆರಳಿಲ್ಲ, ಫೋನಿಲ್ಲ. ಬೇರೆಯವರ ಕೆಲಸ ಹಿಡಿದಳೇ? ನಾಲ್ಕು ಸೋಮವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಐದನೆಯದರ ಬೆಳಿಗ್ಗೆ ತಡೆಯಲಾಗದೆ ಗುಂಪಿನಲ್ಲಿ ಬರೆದೇಬಿಟ್ಟೆ: "ಸೋಮವಾರ ಕಾಣೆಯಾಗುವವರು ಬೇರೆ ಕೆಲಸ ನೋಡಿಕೊಳ್ಳಬಹುದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ "ನಾ ಇಲ್ಲೇ ಅದೀನ್ರಿ ಸರ್" ಎಂದು ಮೊದಲು ಬರೆದವನು ಚಂದ್ರು. ಸ್ವಲ್ಪ ಹೊತ್ತಿಗೆ, ಯಾವ ಸೋಮವಾರವೂ ಸದ್ದು ಮಾಡದ ರೇಣುಕಾ ಬರೆದಳು: "ಸರಿ ಸರ್."

ಎರಡೇ ಪದ. ಬಿಟ್ಟೇ ಹೋಗುತ್ತಾಳೆ ಎಂದುಕೊಂಡೆ. ಫೋನ್ ಮಾಡಿದೆ, ಎತ್ತಲಿಲ್ಲ. ಏಳು ಸಲ ಮಾಡಿದೆ. ಕೊನೆಗೆ ಹೆಂಡತಿ, "ಇಲ್ಲಿ ಕುಂತು ಒದ್ದಾಡೋದಕ್ಕಿಂತ ಹೋಗಿ ಬರ್ರಿ" ಎಂದಳು. ಸಂಡೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳನ್ನು ಒಲಿಸುವ ಮಾತು ಒಂದೊಂದಾಗಿ ಜೋಡಿಸಿದೆ. ಸಂಡೂರಿನಲ್ಲಿ ಇಳಿದು ಚೋರನೂರಿನ ಬಸ್ಸಿಗೆ ಕಾಯುವಾಗ ಎಲ್ಲವೂ ಮರೆತು ಹೋದವು.

ರೇಣುಕಾಳ ಮನೆಯ ಅಂಗಳದಲ್ಲಿ ಎರಡು ಎತ್ತು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. "ಬರ್ರಿ, ಕುಂದ್ರಿ" ಎಂದು ಅವಳ ಮಾವ ಕಂಬಳಿ ಹಾಸಿದರು. ನಾನು ಸೋಮವಾರದ ಮಾತು ತೆಗೆದದ್ದೇ ತಡ, ಅವರು ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದರು. ಅದರ ಮೇಲೂ ಮೂರೆಳೆ ವಿಭೂತಿ, ಒಂದು ಕಣಗಿಲ ಹೂ.

"ಸೋಮಾರ ನಾವು ಎತ್ತು ಹೂಡಂಗಿಲ್ರಿ. ಹರಗೋ ಕುಂಟಿ, ಬಿತ್ತೋ ಕೂರಿಗಿ ಯಾವ್ದೂ ಮುಟ್ಟಂಗಿಲ್ಲ. ನಮ್ಮ ಸೊಸಿಗೆ ಇದೇ ಕೂರಿಗಿ ಅಲ್ಲೇನ್ರಿ? ಅದಕ್ಕ ಇದನ್ನೂ ಇಟ್ಟೀವಿ."

ನಾನು ಹುಟ್ಟಿದ್ದು ಪಾಪಿನಾಯಕನಹಳ್ಳಿಯಲ್ಲಿ. ನಮ್ಮಪ್ಪ ಜೀವಮಾನದಲ್ಲಿ ಒಂದು ಸೋಮವಾರವೂ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ಅವರ ಮಗ ಐದು ವಾರ ತಲೆ ಕೆಡಿಸಿಕೊಂಡಿದ್ದ, ಆದರೂ ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು. "ಯಾಕಮ್ಮ, ಒಂದು ಮಾತು ಹೇಳಬಾರದಾಗಿತ್ತಾ?" ಎಂದೆ.

"ನೀವು ಈ ಕಡೆಯವ್ರೇ ಅದೀರಿ, ನಿಮಗ ಹೇಳೋದೇನೈತಿ ಅಂದ್ಕಂಡೆ ಸರ್" ಎಂದಳು ರೇಣುಕಾ. "ಐತಾರ ಎಲ್ಡು ದಿನದ ಕೆಲಸ ಮುಗಿಸಿರ್ತೀನಿ. ನೋಡಿಲ್ಲೇನ್ರಿ?"

ನೋಡಿರಲಿಲ್ಲ. ಭಾನುವಾರ ನಾನು ಹೆಬ್ಬೆರಳು ಎಣಿಸುತ್ತಿದ್ದೆ. ಅಷ್ಟರಲ್ಲಿ ಮಾವ ಮೆಲ್ಲಗೆ ಕೇಳಿದರು, "ಎತ್ತಿಗೆ ಒಂದಿನ ಐತ್ರಿ. ನಿಮ್ಮ ಮಂದಿಗೆ ಯಾವ ದಿನ ಬಿಟ್ಟೀರಿ?" ನನಗೆ ಎತ್ತುಗಳ ಮುಖ ನೋಡಲಾಗಲಿಲ್ಲ.

"ಕೆಲಸ ಬಿಡಬ್ಯಾಡಮ್ಮ" ಎಂದೆ. ಜೋಡಿಸಿದ ಮಾತುಗಳಲ್ಲಿ ಉಳಿದದ್ದು ಅದೊಂದೇ.

ಅವಳು ಮಜ್ಜಿಗೆಯ ಲೋಟ ಮುಂದಿಟ್ಟಳು. "ಇರ್ತೀನ್ರಿ. ಆದ್ರ ತಾಸಿಗೊಂದು ಹೆಬ್ಬಟ್ಟು ಬ್ಯಾಡ್ರಿ ಸರ್. ಕಿವಿಗೆ ಹಾಕ್ಕಂಡು ಪಾಠ ಕೇಳ್ತಿರ್ತೀನಿ. ನಡುವ ನಿಮ್ಮ ಅಂಜಿಕಿಗೂ ಓಗೊಡಬೇಕಂದ್ರ ಭಾಳ ತ್ರಾಸ ಆಗ್ತೈತಿ."

ಬಸ್ಸಿನಲ್ಲಿ ಕೂತೇ ನಿಯಮ ತೆಗೆದು ಹಾಕಿದೆ. ವಾರಕ್ಕೊಂದು ದಿನ ಬಿಡುವು, ಯಾವ ದಿನವೆಂಬುದು ಅವರವರ ಮನೆಗೆ ಬಿಟ್ಟದ್ದು ಎಂದು ಬರೆದೆ. ಅಂಜಿಕೆ ಹೋಯಿತೇ ಎಂದು ಕೇಳಬೇಡಿ. ಈಗಲೂ ಹಗಲೆಲ್ಲ ಗುಂಪಿನಲ್ಲಿ ಸದ್ದಿಲ್ಲದಿದ್ದರೆ ಕೋಣೆಯಲ್ಲಿ ಶತಪಥ ಹಾಕುತ್ತೇನೆ. ಆದರೆ ಒಂದು ಗೊತ್ತಾಗಿದೆ. ಅಂಜುವುದು ಈ ತಂಡದಲ್ಲಿ ನನ್ನ ಪಾಲಿನ ಕೆಲಸ. ಇಷ್ಟು ದಿನ ಅದನ್ನೂ ಆರು ಜನರ ತಲೆಗೆ ಕಟ್ಟಿದ್ದೆ. ಈಗ ನಾನೊಬ್ಬನೇ ಮಾಡುತ್ತೇನೆ, ಮನೆಯಲ್ಲೇ ಕೂತು.