ಮಾನಿಟರ್ ಆರಿಸಿ ಕೂರುವ ಅಕ್ಕ

ವೆಬ್‌ಸೈಟ್ ಕಟ್ಟುವ ಕೆಲಸಕ್ಕೆ ಸೇರಿದ ಮೊದಲ ದಿನವೇ ಪಂಡಿತ ಪರೋಪಕಾರಕ್ಕೆ ಇಳಿದುಬಿಟ್ಟ. ಆಗಿನ್ನೂ ಅವನಿಗೆ ಆ ಹೆಸರು ಬಿದ್ದಿರಲಿಲ್ಲ. ಪಕ್ಕದ ಮೇಜಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಕಪ್ಪಗಿದ್ದ ಮಾನಿಟರಿನ ಮುಂದೆ ಕೂತು ಟಕಟಕ ಕೀಲಿ ಒತ್ತುತ್ತಿದ್ದರು. ಪಾಪ, ಕಂಪ್ಯೂಟರ್ ಕೆಟ್ಟಿರುವುದು ಇವರಿಗೆ ಗೊತ್ತೇ ಆಗಿಲ್ಲ ಎಂದುಕೊಂಡು ಇವನು ಮೇಜಿನಡಿ ನುಸುಳಿ, ಪ್ಲಗ್ ಕಿತ್ತು ಮತ್ತೆ ಚುಚ್ಚಿದ. ಮೇಲಿನಿಂದ ದನಿ ಬಂತು: "ಯಾವನಪ್ಪಾ ಅದು, ಬೆಳಗಿಂದ ಮಾಡಿದ ಕೆಲಸಾನೆಲ್ಲ ನೀರಲ್ಲಿ ಹೋಮ ಮಾಡಿದೋನು?"

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಕಿವಿಯಲ್ಲಿರುವಾಗ ಬೆಳಕಿನ ಹಂಗು ಯಾಕೆಂದು ಮಾನಿಟರ್ ಆರಿಸಿಯೇ ಇಡುತ್ತಿದ್ದರು. ಆವತ್ತು ಅಂಟಿದ 'ಪಂಡಿತ' ಎಂಬ ಬಿರುದು ಇವನನ್ನು ಇನ್ನೂ ಬಿಟ್ಟಿಲ್ಲ.

ಕಚೇರಿಯವರು ಕಟ್ಟಿದ ಸೈಟುಗಳು ಕಣ್ಣು ಕಾಣದವರ ಕಿವಿಗೆ ದಕ್ಕುತ್ತವೆಯೇ ಎಂದು ಕೇಳಿ ನೋಡುವುದು ಅಕ್ಕನ ಕೆಲಸ. "ನಿನ್ನ ಪುಟದಲ್ಲಿ ಎಲ್ಲಾನೂ ಬರೀ 'ಬಟನ್, ಬಟನ್' ಅನ್ನುತ್ತೆ ಕಣೋ. ಒತ್ತಿದ್ರೆ ಮದುವೆ ಆಗುತ್ತೋ ಡಿವೋರ್ಸ್ ಆಗುತ್ತೋ, ಯಾರಿಗ್ಗೊತ್ತು?" ಎಂದು ಪಂಡಿತನ ಮಾನ ಕಳೆಯುತ್ತಿದ್ದರು.

ರೋಗ ಪರೀಕ್ಷೆಯ ಲ್ಯಾಬೊಂದಕ್ಕೆ ಸೈಟ್ ಮಾಡಿದಾಗಲೂ ತಕರಾರು ಎತ್ತಿದರು. ಆ ಲ್ಯಾಬಿನವರು ವರದಿಯನ್ನು ಟೈಪು ಮಾಡದೆ, ತಜ್ಞರು ಕೈಯಲ್ಲಿ ಗೀಚಿದ ಹಾಳೆಯನ್ನೇ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಅಂಥ ಚಿತ್ರ ಅಕ್ಕನ ಕಿವಿಗೆ ಮೂಗ. ಮ್ಯಾನೇಜರ್, "ಅವರು ಒಪ್ಪಲ್ಲಮ್ಮ, ಮುಂದಿನ ಸಲ ನೋಡೋಣ" ಎಂದರು. ಪಂಡಿತನೂ ತಲೆಯಾಡಿಸಿದ. ಸಂಬಳದವನ ತಲೆ, ಆಡದೆ ಇರುತ್ತದೆಯೇ?

ಕಳೆದ ವಾರ, ಊಟಕ್ಕೆಂದು ಎಲ್ಲರೂ ಕೆಳಗಿಳಿದಿದ್ದಾಗ ಅಕ್ಕ ಕರೆದರು. "ಏ ಪಂಡಿತ, ಬಾ ಇಲ್ಲಿ."

ಮಾನಿಟರ್ ಉರಿಯುತ್ತಿತ್ತು. ಅವರು ಅದನ್ನು ಹಚ್ಚಿದ್ದನ್ನು ಇವನು ಕಂಡದ್ದು ಅದೇ ಮೊದಲು. ತೆರೆಯ ಮೇಲೆ ಅದೇ ಲ್ಯಾಬಿನ ಸೈಟು, ಅಕ್ಕನ ಹೆಸರು, ಎದೆಯ ಗಂಟಿನಿಂದ ತೆಗೆದ ಚೂರಿನ ವರದಿ. ಅಕ್ಕ ಹೆಡ್‌ಫೋನ್ ಕಳಚಿ ಅವನ ಕಿವಿಗೆ ಹಿಡಿದರು. "ಚಿತ್ರ. ವಿವರ ಇಲ್ಲ. ಚಿತ್ರ. ವಿವರ ಇಲ್ಲ."

"ಬೆಳಗಿಂದ ಇದನ್ನೇ ಹಾಡ್ತಿದೆ," ಎಂದರು ಅಕ್ಕ. "ಚಿತ್ರದಿಂದ ಅಕ್ಷರ ಹೆಕ್ಕೋ ತಂತ್ರಾಂಶಕ್ಕೂ ಕೊಟ್ಟೆ, ಆ ಗೀಚು ಅದರ ತಲೆಗೂ ಹತ್ತಲಿಲ್ಲ. ಲ್ಯಾಬಿಗೆ ಫೋನ್ ಮಾಡಿದ್ರೆ 'ಸೈಟಲ್ಲೇ ಇದೆ, ನೋಡ್ಕೊಳ್ಳಿ' ಅಂತಾರೆ. ಯಾರಿಗೂ ಮುಂಚೆ ನಾನೇ, ಒಬ್ಬಳೇ ಓದ್ಕೋಬೇಕು ಅಂತಿದ್ದೆ. ಹೋಗ್ಲಿ. ನೀನೇ ಓದು."

ಪಂಡಿತ ಮೊದಲ ಸಾಲನ್ನು ಕಣ್ಣಲ್ಲೇ ಓದಿದ. ಎರಡನೆಯದನ್ನೂ. ಪ್ಲಗ್ ಎಲ್ಲಿದೆ ಎಂದು ಕಾಲು ತಾನಾಗಿ ಮೇಜಿನಡಿ ತಡಕಾಡಿತು.

"ಅಕ್ಕ... ಮನೇಲಿ ಭಾವ ಇದ್ದಾರೆ, ಮಗಳಿದ್ದಾಳೆ. ಅವರನ್ನೆಲ್ಲ ಬಿಟ್ಟು ನನ್ನ ಕೈಲಿ ಯಾಕೆ ಓದಿಸ್ತೀರಾ?"

"ಅವರು ಸುಳ್ಳು ಓದ್ತಾರೆ," ಎಂದರು ಅಕ್ಕ. "ನಿನಗೆ ನನ್ನ ಮೇಲೆ ಅಷ್ಟೊಂದು ಪ್ರೀತಿ ಇಲ್ಲ. ಓದು."