ಮೂರು ಗಂಟೆಗೆ ಪ್ರಾಕ್ಟಿಕಲ್

ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ ನಾನು ಹೊಸಪೇಟೆಯ ಕಾಲೇಜೊಂದರ ಗ್ರಂಥಪಾಲಕಿ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನಕ್ಕೆ ಒಂದು ಸರ್ಟಿಫಿಕೇಟ್ ಕೋರ್ಸ್ ರೂಪಿಸಿಕೊಡಿ ಎಂದರು ನಮ್ಮ ಪ್ರಾಂಶುಪಾಲರು. ಬೆಳಗಿನ ರೊಟ್ಟಿ ಬಡಿದು, ಒಲೆ ಒರೆಸಿ, ಅಡುಗೆಮನೆಯಲ್ಲೇ ಕಾಗದ ಹರಡಿಕೊಂಡು ಕೂರುತ್ತಿದ್ದೆ. ಕಿಟಕಿ ಮುಚ್ಚಿದ್ದರೂ ಹಾಳೆಯ ಮೇಲೆ ಕೆಂಪು ಧೂಳು. ಸೆರಗಿನಿಂದ ಒರೆಸಿ ಮುಂದಿನ ಸಾಲು ಬರೆಯುವುದು.

ಪುಸ್ತಕಗಳ ವರ್ಗೀಕರಣ, ಕಂಪ್ಯೂಟರಿನಲ್ಲಿ ಹುಡುಕುವುದು, ಇವೆಲ್ಲ ಬೇಗ ಕೂತವು. ಪ್ರಾಕ್ಟಿಕಲ್ ಯಾವ ಹೊತ್ತಿಗೆ, ಎಲ್ಲಿ ಎನ್ನುವುದೇ ಕೂರಲಿಲ್ಲ. ಅದಕ್ಕೆ ಕಾರಣ ಒಬ್ಬಳು ಹೆಣ್ಣುಮಗಳು. ಸಂಡೂರು ದಾರಿಯಲ್ಲಿ ಯಶವಂತನಗರದ ಕಡೆಯ ಹಳ್ಳಿಯ ಸೊಸೆ. ಪಂಚಾಯಿತಿಯ ಪುಟ್ಟ ಗ್ರಂಥಾಲಯವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಿದ್ದಳು. ಕೋರ್ಸಿನ ಸುದ್ದಿ ಕೇಳಿ ಮೊದಲು ಬಂದವಳೇ ಅವಳು.

"ಸರ್ಟಿಫಿಕೇಟ್ ಇದ್ರ ಉಳೀತೀನಕ್ಕಾ. ಇಲ್ಲಂದ್ರ ಬ್ಯಾರೇದವ್ರನ್ನ ತಂದು ಕುಂದ್ರಸ್ತಾರಂತ."

"ಮನ್ಯಾಗ ಒಪ್ಪ್ಯಾರೇನವ್ವಾ?"

"ನಮ್ಮತ್ತಿ ಕೂಸು ನೋಡ್ಕೋತಾಳ. ಆದ್ರ ದೀಪ ಹಚ್ಚೂದ್ರೊಳಗ ಮನ್ಯಾಗ ಇರಬೇಕಂತ. ಇಲ್ಲಂದ್ರ ಓದೂ ಬ್ಯಾಡ, ಏನೂ ಬ್ಯಾಡ."

ಸಂಡೂರು ರಸ್ತೆಯ ಅದಿರು ಲಾರಿಗಳ ಸಾಲು ಗೊತ್ತಿದ್ದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸಂಜೆ ಹೊರಟ ಬಸ್ಸು ಯಾವಾಗ ಮುಟ್ಟುತ್ತದೆಂದು ಡ್ರೈವರನಿಗೂ ತಿಳಿಯದು. ಆದ್ದರಿಂದ ಪ್ರಾಕ್ಟಿಕಲನ್ನು ಬೆಳಿಗ್ಗೆಗೆ ಹಾಕಿದೆ. ಅರ್ಧ ಭಾಗವನ್ನು ಅವರವರ ಊರಿನ ಗ್ರಂಥಾಲಯದಲ್ಲೇ ಮಾಡಲಿ, ಬಂದವರು ಏನು ಕೇಳುತ್ತಾರೆ, ಉತ್ತರ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಡುವುದೇ ಅಭ್ಯಾಸವಾಗಲಿ ಎಂದು ಸೇರಿಸಿದೆ.

ಕೋರ್ಸಿಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಪ್ರಾಂಶುಪಾಲರು ನನ್ನ ಹಾಳೆ ಓದಿ ನಕ್ಕರು. "ಪಾಠ ಏನಿರಬೇಕಂತ ಕೇಳಿದ್ರ ಬಸ್ಸಿನ ಟೈಮ್ ತಂದೀರಲ್ರೀ ಮೇಡಂ!"

"ಬಸ್ ಸಿಗಲಿಲ್ಲಂದ್ರ ಪಾಠ ಯಾರಿಗ್ರೀ ಸರ್?"

ಹೊರಗಿನಿಂದ ಬಂದಿದ್ದ ಪ್ರೊಫೆಸರು ಮಾತ್ರ ನಗಲಿಲ್ಲ. ಹಳ್ಳಿಯ ಗ್ರಂಥಾಲಯದಲ್ಲಿ ಪೇಪರ್ ಓದುವವರ ನಡುವೆ ಕೂತರೆ ಅದನ್ನು ಮಾಹಿತಿ ವಿಜ್ಞಾನ ಎನ್ನಬಹುದೇ ಎಂದು ಮೆಲ್ಲಗೆ ಕೇಳಿದರು. ಪ್ರಾಕ್ಟಿಕಲ್ ಪೂರ್ತಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೇ ಆಗಬೇಕೆಂದಾಯಿತು. ಬೆಳಿಗ್ಗೆ ಆ ಕೋಣೆ ಡಿಗ್ರಿ ಹುಡುಗರಿಗೆ ಬೇಕು. ಉಳಿದದ್ದು ಮೂರರಿಂದ ಐದು. ಬೆಳಗಿನ ಹೊತ್ತೇ ಕೊಡಿ ಎಂದು ಮತ್ತೆ ಮತ್ತೆ ಕೇಳಿದೆ. ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ಮರುದಿನ ಮಧ್ಯಾಹ್ನ ಅವಳು ಬಂದಳು. ಹೇಳಿದೆ. ವಾದಿಸಲಿಲ್ಲ. "ಆತು ಬಿಡಕ್ಕಾ, ನನಗಂತೂ ಆಗೂದಿಲ್ಲ," ಎಂದು ಧೂಳಿಗೆ ಮುಖದ ತುಂಬ ಸೆರಗು ಸುತ್ತಿಕೊಂಡು ಮೂರರ ಬಸ್ಸಿಗೆ ಹೋದಳು.

ಆ ಬಸ್ಸು ನಮ್ಮ ಕಾಲೇಜಿನ ಗೇಟಿನೆದುರಿಗೇ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಗ್ರಂಥಾಲಯದ ಕಿಟಕಿಯಿಂದ ಅವಳು ಕೂತ ಜಾಗ ಕಾಣುತ್ತಿತ್ತು. ಪುಸ್ತಕ ಜೋಡಿಸುತ್ತ ಎಷ್ಟು ಸಲ ನೋಡಿದರೂ ಬಸ್ಸು ಅಲ್ಲೇ. ಐದಕ್ಕೆ ಬಾಗಿಲು ಹಾಕಿ, ನೀರಿನ ಬಾಟಲಿ ಹಿಡಿದು ಕೆಳಗಿಳಿದೆ.

ಬಸ್ಸಿನ ಕಿಟಕಿಯಿಂದ ಸೆರಗು ಸರಿಸಿ ನಕ್ಕಳು. "ಕ್ಲಾಸು ಮುಗಿಸ್ಕೊಂಡು ಬಂದ್ರೂ ಇದೇ ಬಸ್ ಸಿಗ್ತಿತ್ತು. ಹೌದಿಲ್ಲೋ ಅಕ್ಕಾ?"

ಬಾಟಲಿ ಕೊಟ್ಟೆ. ಕುಡಿದು ಹಿಂದಿರುಗಿಸಿದಳು. ಬಸ್ಸು ಒಂದು ಮಾರು ಮುಂದೆ ಸರಿದು ಮತ್ತೆ ನಿಂತಿತು. ದೀಪ ಹಚ್ಚುವ ಹೊತ್ತಾಗುತ್ತ ಬಂದಿತ್ತು.